ಸೋನಾಬಾಯಿ ಮೈಕಿನಲ್ಲಿ ಹೇಳಿದ ಹೆಸರು

ಖಾನಾಪುರದಲ್ಲಿ ಇಂಗ್ಲಿಷ್ ಕವಿತೆ ಬರೆಯುವ ಹೆಣ್ಣುಮಗಳು ಒಬ್ಬಳಿದ್ದಳು ಎಂದರೆ ಬೆಳಗಾವಿಯ ಜನ ಈಗಲೂ ನಗುತ್ತಾರೆ. ನಗಲಿ ಬಿಡಿ, ಅವರಿಗೇನು, ಕುಂದಾ ತಿಂದು ಕೂತವರು. ಆಕೆ ಹುಟ್ಟಿ ಬೆಳೆದದ್ದು ಅವರದೇ ಊರಿನ ಅನಗೋಳದ ಓಣಿಯಲ್ಲಿ ಎಂಬುದು ಅವರಿಗೇ ಗೊತ್ತಿಲ್ಲ. ಹೆಸರು ಸೋನಾಬಾಯಿ. ಜೈನರ ಮನೆಯ ಹುಡುಗಿ, ಐದು ಜನ ಅಣ್ಣತಮ್ಮಂದಿರ ನಡುವೆ ಒಬ್ಬಳೇ ಮಗಳು.

ಇಂಗ್ಲಿಷೇ ಯಾಕೆ ಎಂದು ಆಕೆಯನ್ನು ಎಲ್ಲರೂ ಕೇಳಿದವರೇ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಎರಡೂ ಬಾಯಲ್ಲಿ ಸಲೀಸು. ಖರೇ ಉತ್ತರವನ್ನು ಆಕೆ ಯಾರಿಗೂ ಹೇಳಲಿಲ್ಲ, ನಾನು ಹೇಳುತ್ತೇನೆ. ಆ ಮನೆಯಲ್ಲಿ ಆಕೆಗೆ ಸ್ವಂತದ್ದೊಂದು ಮೂಲೆ ಇರಲಿಲ್ಲ. ಏನೇ ಬರೆದಿಟ್ಟರೂ ಅಣ್ಣಂದಿರಲ್ಲಿ ಒಬ್ಬ ಎತ್ತಿಕೊಂಡು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿ ನಗುತ್ತಿದ್ದ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಬರೆಯತೊಡಗಿದ ಮೇಲೆ ಅವರ ಆಟ ನಿಂತಿತು. ಮುಚ್ಚಿದ ಬಾಗಿಲ ಹಿಂದೆ ಕೂತಷ್ಟು ನೆಮ್ಮದಿ. ಈ ಭಾಷೆಯಲ್ಲಿ ನಾನು ಏನಂದರೂ ಮನೆಯವರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯ ಆಕೆಗೆ ಆಗಲೇ ಹತ್ತಿದ್ದು.

ಎಪ್ಪತ್ತೆರಡರಲ್ಲಿ ಖಾನಾಪುರದ ಅಕ್ಕಿ ವ್ಯಾಪಾರಿಯ ಮಗ ಪದ್ಮಾಕರನೊಂದಿಗೆ ಲಗ್ನವಾಯಿತು. ಹೊಸ ಸೊಸೆ ಹೊಸ್ತಿಲಿಗೆ ಬಂದಳು, ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಗಂಡನ ಹೆಸರು ಹೇಳದೆ ಒಳಗೆ ಬಿಡುವುದುಂಟೆ? ಬರೀ ಹೆಸರು ಹೇಳುವಂತಿಲ್ಲ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಗಂಡನ ಹೆಸರು, ಅತ್ತೆ ಮಾವಂದಿರ ಹೆಸರು ಹೆಣ್ಣಿನ ಬಾಯಲ್ಲಿ ಬರಕೂಡದು. ಒಡಪಿನ ಎರಡು ಸಾಲಿನಲ್ಲಿ ಗಂಡನ ಹೆಸರಿಗಷ್ಟೇ ಮಾಫಿ. ಸೋನಾಬಾಯಿಗೆ ಅದೆಲ್ಲಿಯ ಹುಮ್ಮಸ್ಸು ಬಂತೋ, ಸೆರಗು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಒಂದು ಒಡಪು ಹಾಕಿಯೇ ಬಿಟ್ಟಳು. ಹೆಂಗಸರು ಮುಖ ಮುಖ ನೋಡಿಕೊಂಡರು.

“ಎವ್ವಾ, ಇದು ಹೆಸರು ಹೇಳಿದ್ದೋ ಬೈದದ್ದೋ?” ಎಂದಳು ಬಾಜು ಮನೆಯ ಶಿವಬಸವ್ವ. ಆ ಹೆಣ್ಣುಮಗಳ ಬಾಯಿಗೆ ಬಾಗಿಲೂ ಇಲ್ಲ, ಅಗಳಿಯೂ ಇಲ್ಲ.

ನಗೆ ಅಡಗಿದ ಮೇಲೆ ಸೋನಾಬಾಯಿ ಕನ್ನಡದಲ್ಲಿ ಹೇಳಿದಳು:

“ಬೆಳಗಾವಿ ಪ್ಯಾಟ್ಯಾಗ ಕುಂದಾದ ಗಡಗಿ,
ಪದ್ಮಾಕರರ ಹೆಸರು ಹೇಳತೀನಿ ನಾ ಅನಗೋಳದ ಹುಡಗಿ!”

“ಹಾಂ, ಈಗ ಬಾ ಒಳಗ,” ಎಂದು ಆರತಿ ಎತ್ತಿದವಳು ಅತ್ತೆ ಅಕ್ಕಾತಾಯಿ. ಮಾತು ಕಡಿಮೆ, ಕೆಲಸ ಜಾಸ್ತಿ, ನಕ್ಕರೆ ಸೆರಗಿನ ಮರೆಯಲ್ಲಿ.

ಮಾವ ನೇಮಣ್ಣ ಇದಕ್ಕೆ ತದ್ವಿರುದ್ಧ. ಮಾತೆಂದರೆ ಊಟ ಬಿಡುವ ಮನುಷ್ಯ. ಸೊಸೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ಹೋಗುತ್ತೇನೆ ಎಂದಾಗ ಮೊದಲು ಹೂಂ ಅಂದವನೂ ಅವನೇ. ಸಂಜೆ ಆಕೆ ಹಿತ್ತಲಲ್ಲಿ ಹಾಳೆ ಹಿಡಿದು ಕೂತಿದ್ದರೆ ಬಂದು ನಿಲ್ಲುತ್ತಿದ್ದ.

“ಇವತ್ತ ಯಾವದರ ಮ್ಯಾಲ ಬರದಿ, ಮಗಳ?”

“ಮಳಿ ಮ್ಯಾಲರಿ, ಮಾವಾರ.”

“ನಮ್ಮ ಖಾನಾಪುರದ ಮಳಿಗೆ ಇಂಗ್ಲಿಷ್ ತಿಳೀತೈತೇನ? ಅದು ಕೊಂಕಣಿ ಮಾತಾಡ್ಕೋತ ಕಣಕುಂಬಿ ಘಟ್ಟ ದಾಟಿ ಬರೂ ಮಳಿ!”

ತಮಾಷೆಗೆ ಅಂದರೂ ಮಾತು ಆಕೆಯನ್ನು ಚುಚ್ಚಿತು. ಯಾಕೆಂದರೆ ಆಕೆಯ ಕವಿತೆಗಳಲ್ಲಿ ಆಗ ಇದ್ದದ್ದು ‘ಒಂದು ನದಿ’, ‘ಒಬ್ಬ ಮುದುಕ’, ‘ಒಂದು ಊರು’. ಯಾವ ನದಿ, ಯಾರ ಮುದುಕ, ದೇವರಿಗೇ ಗೊತ್ತು. ಲಂಡನ್ನಿನಲ್ಲೂ ನಡೆಯುತ್ತಿತ್ತು, ಪಕ್ಕದ ಹಳ್ಳಿ ಗುಂಜಿಯಲ್ಲೂ ನಡೆಯುತ್ತಿತ್ತು, ಎಲ್ಲಿಯೂ ಕಾಲೂರುತ್ತಿರಲಿಲ್ಲ.

ಆಗ ಸಿಕ್ಕಿದವಳು ಢಾಕಾದ ಕವಯಿತ್ರಿ. ಬೆಳಗಾವಿಯಲ್ಲಿ ಸೋನಾಬಾಯಿಗೆ ಪಾಠ ಹೇಳಿದ್ದ ಪ್ರೊಫೆಸರರ ಬಳಿ ಢಾಕಾದಿಂದ ಒಂದು ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು. ತೆಳ್ಳಗಿನ ಕಾಗದ, ಮಸಿ ಅಲ್ಲಲ್ಲಿ ಹರಡಿದ್ದು. ಅದನ್ನು ನಡೆಸುತ್ತಿದ್ದವಳು ತಾನೂ ಇಂಗ್ಲಿಷಿನಲ್ಲೇ ಬರೆಯುವವಳು, ಹುಡುಗಿಯರ ಕಾಲೇಜಿನಲ್ಲಿ ಕಲಿಸುವವಳು. ಎಪ್ಪತ್ತೊಂದರ ಯುದ್ಧದಲ್ಲಿ ಆಕೆಯ ಓಣಿಗೆ ಓಣಿಯೇ ಸುಟ್ಟುಹೋಗಿತ್ತು. ಬಂಗಾಲಿ ಬಿಟ್ಟು ಇಂಗ್ಲಿಷಿನಲ್ಲಿ ಯಾಕೆ ಬರೀತಿ ಎಂದು ಆಕೆಗೂ ಊರವರ ಬೈಗುಳ ತಪ್ಪಿದ್ದಿಲ್ಲ. ಆದರೆ ಆಕೆಯ ಕವಿತೆ ಓದಿದರೆ ಮೀನು ಮಾರುವವಳ ಹೆಸರು, ದೋಣಿ ನಡೆಸುವವನ ಹೆಸರು, ಅತ್ತರಿನ ಅಂಗಡಿಯವನ ಹೆಸರು, ಎಲ್ಲರೂ ಹೆಸರು ಹಿಡಿದು ಕರೆದಂತೆ ಎದ್ದು ಬರುತ್ತಿದ್ದರು. ಸೋನಾಬಾಯಿ ಮೂರು ಕವಿತೆ ಕಳಿಸಿದಳು. ಮೂರೂ ತಿರುಗಿ ಬಂದವು. ಮೇಲೆ ಒಂದು ಸಾಲು: ನಿಮ್ಮ ಊರಿನಲ್ಲಿ ಯಾರಿಗೂ ಹೆಸರಿಲ್ಲವೇ, ತಂಗಿ?

ಸಿಟ್ಟು ಬಂತು. ಎರಡು ದಿನ ಢಾಕಾದವಳನ್ನು ಮನಸ್ಸಿನಲ್ಲೇ ಬೈದಳು. ಮೂರನೆಯ ದಿನ ಆ ಸಾಲನ್ನು ಮತ್ತೆ ಓದಿ, ಹೌದಲ್ಲ, ಎಂದುಕೊಂಡಳು.

ಎಂಬತ್ತರ ಚಳಿಗಾಲದಲ್ಲಿ ನೇಮಣ್ಣ ತೀರಿಕೊಂಡ. ಯಾರಿಗೂ ತೊಂದರೆ ಕೊಡಲಿಲ್ಲ, ಮಾತಾಡುತ್ತಾ ಮಾತಾಡುತ್ತಾ ಹೋದ. ಮನೆ ಭಣಗುಟ್ಟಿತು. ಅದರಲ್ಲೂ ಸಂಜೆಯ ಹೊತ್ತು. ಅದಕ್ಕೆ ಕಾರಣ ಹೇಳದಿದ್ದರೆ ಈ ಕತೆಗೆ ಅರ್ಥವಿಲ್ಲ.

ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನೇಮಣ್ಣನಿಗೆ ಅಂಗಡಿಯಲ್ಲಿ ಮಾತಿಗೆ ಕೂತರೆ ಸೂರ್ಯನ ನೆನಪೇ ಇರುತ್ತಿರಲಿಲ್ಲ. ಹಂಚಿನ ಕಾರ್ಖಾನೆಯ ಚಿಮಣಿಯ ಮೇಲೆ ಹೊತ್ತು ಬಂತೆಂದರೆ ಪೇಟೆಯವರೇ ಎಚ್ಚರಿಸಬೇಕು. “ನೇಮಣ್ಣಾ, ಓಡೋ! ಹೊತ್ತು ಮುಳುಗತೈತಿ!” ಎಂದು ಎದುರಂಗಡಿಯವನು ಕೂಗುತ್ತಿದ್ದ. ಧೋತರ ಎತ್ತಿ ಹಿಡಿದು ನೇಮಣ್ಣ ಓಡುತ್ತಿದ್ದ. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಅದನ್ನೇ ಮರಾಠಿಯಲ್ಲಿ “ನೇಮಣ್ಣಾ, ಪಳ, ಪಳ!” ಎನ್ನುತ್ತಿದ್ದ. ಎಲೆ ಅಡಿಕೆಯವನು, ಗಿರಣಿಯವನು, ಬಸ್ಸಿಗೆ ಕಾಯುವವರು, ಒಬ್ಬರಾದ ಮೇಲೆ ಒಬ್ಬರು ಕೂಗಿ ಅವನನ್ನು ಮನೆ ಮುಟ್ಟಿಸುತ್ತಿದ್ದರು. ಹೊಸ್ತಿಲಲ್ಲಿ ಅಕ್ಕಾತಾಯಿ ತಂಬಿಗೆ ನೀರು ಹಿಡಿದು ನಿಂತಿರುತ್ತಿದ್ದಳು. ಗಂಡನ ಹೆಸರು ಪೇಟೆಯ ಆ ತುದಿಯಿಂದ ಅಂಗಡಿ ಅಂಗಡಿ ಹಾಯ್ದು ಹತ್ತಿರ ಬರುವುದನ್ನು ಕೇಳುತ್ತಿದ್ದಳು. ಕೂಗದವಳು ಆಕೆ ಒಬ್ಬಳೇ. ಆಕೆ ಕೂಗುವ ಹಾಗಿರಲಿಲ್ಲವಲ್ಲ.

ಅವನು ಹೋದ ಮೇಲೆ ಸಂಜೆ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಸೋನಾಬಾಯಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಹಿತ್ತಲಲ್ಲಿ ಕೂತು ಬರೆದಳು. ಮೊದಲ ಸಾಲೇ ‘ರನ್, ನೇಮಣ್ಣ, ರನ್’. ಪ್ರತಿ ನುಡಿಯಲ್ಲೂ ಒಬ್ಬ ಅಂಗಡಿಯವನು, ಪ್ರತಿ ನುಡಿಯ ಕೊನೆಗೂ ಅದೇ ಕೂಗು. ಮಾವನ ಹೆಸರು ಬರೆಯುವಾಗ ಆಕೆಯ ಕೈ ಒಂದಿಷ್ಟೂ ತಡೆಯಲಿಲ್ಲ. ಕನ್ನಡದಲ್ಲಾಗಿದ್ದರೆ ಸತ್ತರೂ ಬರೆಯುತ್ತಿರಲಿಲ್ಲ. ಇದು ಇಂಗ್ಲಿಷು, ಇಲ್ಲಿ ಯಾರಿಗೆ ಕೇಳಿಸುತ್ತದೆ? ಇಷ್ಟು ಓದಿದ ಹೆಣ್ಣುಮಗಳ ತಿಳಿವಳಿಕೆ ನೋಡಿ!

ಢಾಕಾದವಳು ಅದನ್ನು ಮೊದಲ ಪುಟದಲ್ಲೇ ಅಚ್ಚುಮಾಡಿದಳು. ಖಾನಾಪುರದ ಅಂಚೆಯವನು ಪರದೇಶದ ಸ್ಟಾಂಪು ಹಚ್ಚಿದ ಪತ್ರಿಕೆಯನ್ನು ಓಣಿಗೆಲ್ಲ ತೋರಿಸಿಯೇ ಮನೆಗೆ ತಂದ. “ನಮ್ಮ ಸೋನವ್ವನ ಹಾಡು ಢಾಕಾಕ್ಕ ಹೋಗೇತಂತ! ನಾ ಇನ್ನಾ ಹುಬ್ಬಳ್ಳಿ ನೋಡಿಲ್ಲ,” ಎಂದು ಶಿವಬಸವ್ವ ಎದೆ ಬಡಿದುಕೊಂಡಳು. ಸುದ್ದಿ ಶಾಲೆಗೆ ಮುಟ್ಟಿತು. ಆ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ನಮ್ಮ ಇಂಗ್ಲಿಷ್ ಬಾಯಾರು ಕವಿತೆ ಓದಬೇಕು ಎಂದು ಹೆಡ್ಮಾಸ್ತರರು ಹಟ ಹಿಡಿದರು.

ಶಾಲೆಯ ಬಯಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಪೆಂಡಾಲ್ ಹಾಕಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಹೆಂಗಸರ ಮೊದಲ ಸಾಲಿನಲ್ಲಿ ಅಕ್ಕಾತಾಯಿ. ಸೋನಾಬಾಯಿ ಮೈಕಿನ ಮುಂದೆ ನಿಂತು ಶುರು ಮಾಡಿದಳು. ಇಂಗ್ಲಿಷಿನಲ್ಲಿ ಎರಡು ಮಾತು ಪೀಠಿಕೆ ಹೇಳುವಷ್ಟರಲ್ಲೇ ಜನ ಆಕಳಿಸಿದರು. ಆಮೇಲೆ ಧ್ವನಿವರ್ಧಕದಲ್ಲಿ ‘ನೇಮಣ್ಣ’ ಎಂದು ಕೇಳಿಸಿತು ನೋಡಿ, ಗಂಡಸರ ಕಡೆ ಕತ್ತುಗಳೆಲ್ಲ ಮೇಲೆದ್ದವು. ಇಂಗ್ಲಿಷಿನ ಗಂಧವಿಲ್ಲದ ಎಲೆ ಅಡಿಕೆಯವನಿಗೂ ಕವಿತೆ ಪೂರಾ ತಿಳಿದುಹೋಯಿತು. ಎರಡನೆಯ ನುಡಿಯ ಕೊನೆಗೆ ಆಕೆ ಬಾಯಿ ತೆರೆಯುವ ಮೊದಲೇ ದರ್ಜಿ ಎದ್ದು ನಿಂತು “ನೇಮಣ್ಣಾ, ಪಳ!” ಎಂದು ಕೂಗಿದ. ಪೇಟೆಗೆ ಪೇಟೆಯೇ ಕೂಗಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಸೋನಾಬಾಯಿಯ ಕಾಲು ನೆಲದ ಮೇಲಿರಲಿಲ್ಲ. ತನ್ನ ಜೀವಮಾನದಲ್ಲಿ ಇಂಥ ಸಂತೋಷ ಆಕೆ ಕಂಡಿರಲಿಲ್ಲ. ಆ ಸಂತೋಷದಲ್ಲೇ ಅತ್ತೆಯ ಕಡೆ ನೋಡಿದಳು.

ಅತ್ತೆಯ ಜಾಗ ಖಾಲಿ ಇತ್ತು. ಶಿವಬಸವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಕೊನೆಯ ನುಡಿಯನ್ನು ಹೇಗೆ ಓದಿ ಮುಗಿಸಿದಳೋ ಆಕೆಗೇ ತಿಳಿಯಲಿಲ್ಲ.

“ಅಲ್ಲವಾ, ಮಾವನ ಹೆಸರು! ಅದೂ ಮೈಕಿನ್ಯಾಗ!” ಎಂದಳು ಶಿವಬಸವ್ವ, ಕೆಳಗಿಳಿದ ಕೂಡಲೇ.

ಮನೆಯಲ್ಲಿ ಅಕ್ಕಾತಾಯಿ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ರೊಟ್ಟಿ ಬಡಿದಳು, ಬಡಿಸಿದಳು, ಬೇಕು ಬೇಡ ಎಂಬುದನ್ನೂ ಕೈಸನ್ನೆಯಲ್ಲೇ ಕೇಳಿದಳು. ಪದ್ಮಾಕರ ಅತ್ತ ತಾಯಿ, ಇತ್ತ ಹೆಂಡತಿ, ನಡುವೆ ಅಡಕತ್ತರಿಯ ಅಡಿಕೆಯಾಗಿ ಅಂಗಡಿಯಲ್ಲೇ ಹೆಚ್ಚು ಹೊತ್ತು ಕಳೆಯತೊಡಗಿದ. ಕೊನೆಗೆ ಸೋನಾಬಾಯಿಗೇ ಆಗಲಿಲ್ಲ, ಒಲೆಯ ಮುಂದೆ ಹೋಗಿ ಕೂತಳು.

“ಅತ್ತೀ, ತಪ್ಪಾಗಿದ್ರ ಬೈರಿ. ಹಿಂಗ ಬಾಯಿ ಮುಚಗೊಂಡು ರೊಟ್ಟಿ ನೀಡಿದ್ರ ನನಗ ಗಂಟಲದಾಗ ಇಳಿವಲ್ದು.”

“ಹೊಟ್ಟಿತುಂಬ ಉಣ್ಣು. ಉಣ್ಣಬ್ಯಾಡ ಅಂತ ಯಾರಂದಾರ?”

“ಅದು ಇಂಗ್ಲಿಷ್ ಇತ್ತಲ್ರಿ, ಅದಕ್ಕ ನಾ...”

ಅಕ್ಕಾತಾಯಿ ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟಳು. “ಹೆಸರಿಗೆ ಯಾ ಇಂಗ್ಲಿಷ್, ಯಾ ಕನ್ನಡ? ಇಂಗ್ಲಿಷಿನ್ಯಾಗ ಕರದ್ರ ಅವರು ಓಗೊಡೂದಿಲ್ಲೇನು?” ಎಂದಳು. “ಅಷ್ಟ ವರ್ಷ ಸಂಸಾರ ಮಾಡೀನಿ. ಲಗ್ನದಾಗ, ಬಸರಿದ್ದಾಗ ಕುಬಸದಾಗ ಒಡಪು ಹಾಕಿ ಹೇಳಿದ್ದಷ್ಟ. ಈಗ ನನಗ ಒಡಪು ಹಾಕು ಅನ್ನವರೂ ಇಲ್ಲ, ಮುತ್ತೈದೇರ ಸಾಲಿನ್ಯಾಗ ಕರ್ಯೂದಿಲ್ಲಲ್ಲ. ನಾ ಒಳಗ ಮುಚ್ಚಿಟ್ಟಕೊಂಡದ್ದನ್ನ ನೀ ಊರಿಗೆಲ್ಲ ಹಂಚಿಬಿಟ್ಟಿ, ಸೋನಾ.”

ಅಷ್ಟು ಉದ್ದ ಮಾತು ಆಕೆಯ ಬಾಯಲ್ಲಿ ಸೊಸೆ ಎಂದೂ ಕೇಳಿರಲಿಲ್ಲ. ಅಂದು ಹಿತ್ತಲಲ್ಲಿ ಕೂತು ಸೋನಾಬಾಯಿ ಅತ್ತಳು.

ಅಳುವಷ್ಟರಲ್ಲಿ ಇನ್ನೊಂದು ಪೇಚು. ಢಾಕಾದವಳು ಎರಡು ಪುಟ ಮುನ್ನುಡಿ ಬರೆದು ಕಳಿಸಿದ್ದಳು, ಪುಸ್ತಕ ತರದೆ ಬಿಡಬೇಡ ಎಂದು. ಬೆಳಗಾವಿಯಲ್ಲಿ ಗುರುಪಾದಪ್ಪನ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಶುರುವೂ ಆಗಿತ್ತು. ಸೋನಾಬಾಯಿಗೆ ಪುಸ್ತಕ ಬೇಕು. ಹನ್ನೆರಡು ವರ್ಷದ ಕನಸು ಅದು. ಅತ್ತೆಯೂ ಬೇಕು. ಆ ಕವಿತೆ ಹೆಸರು ಸಮೇತ ಅಚ್ಚಾದರೆ ಅತ್ತೆ ಕೈತಪ್ಪಿದಳು. ಕವಿತೆಯನ್ನೇ ಕಿತ್ತು ಹಾಕಿದರೆ ಪುಸ್ತಕ ಬೆನ್ನುಮೂಳೆ ಇಲ್ಲದ ಹಾಗೆ. ಹಗಲೆಲ್ಲ ಯೋಚಿಸಿ, ಕವಿಗಳಿಗಷ್ಟೇ ಹೊಳೆಯುವ ಒಂದು ಮೂರ್ಖ ಉಪಾಯ ಹುಡುಕಿದಳು. ಹೆಸರು ಬದಲಿಸಿದಳು.

“ರನ್, ದುಂಡಪ್ಪ, ರನ್,” ಎಂದು ಗಂಡನಿಗೆ ಓದಿ ತೋರಿಸಿದಳು. “ತಾಳ ಸರಿ ಕೂಡತೈತಿ, ನೋಡ್ರಿ.”

ಪದ್ಮಾಕರ ತಲೆ ಕೆರೆದುಕೊಂಡ. “ದುಂಡಪ್ಪ ಯಾರು?”

“ಯಾರೂ ಅಲ್ರಿ. ಸುಮ್ಮನ ಒಂದು ಹೆಸರು.”

“ಹಂಗಾರ ಓಡವರು ಯಾರು?”

ಆಕೆ ಗಂಡನ ಮೇಲೆ ರೇಗಿದಳು.

ಕರಡು ತಿದ್ದಲು ಬೆಳಗಾವಿಗೆ ಹೊರಟ ದಿನ ಅಕ್ಕಾತಾಯಿಯೂ ಹೊರಟಳು, ಕೋಟೆಯೊಳಗಿನ ಬಸದಿಗೆ ಹೋಗಬೇಕು ಎಂದು. ಅತ್ತೆ ಸೊಸೆ ಇಬ್ಬರೂ ಲೋಂಡಾ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿಯಲ್ಲಿ ಎದುರುಬದುರು ಕೂತು ಕಿಟಕಿಯಿಂದ ಆಚೆ ನೋಡಿಕೊಂಡೇ ಬಂದರು. ಬಸದಿ ಮುಗಿಸಿ ಮುದ್ರಣಾಲಯಕ್ಕೆ ಬಂದಾಗ ಮಧ್ಯಾಹ್ನ.

“ಬರ್ರಿ ಅವ್ವಾರ, ಕುಂದರ್ರಿ,” ಎಂದು ಗುರುಪಾದಪ್ಪ ಅಕ್ಕಾತಾಯಿಗೆ ಬಾಂಕು ತೋರಿಸಿದ. ಹಣೆಯ ಮೇಲೆ ವಿಭೂತಿ, ಬೆರಳ ತುಂಬ ಮಸಿ. ಅವನಲ್ಲಿ ಕರಡು ತಿದ್ದುವ ರೀತಿಯೊಂದಿತ್ತು: ಮೂಲ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟಿರಬೇಕು. ಇಂಗ್ಲಿಷಿನಲ್ಲಿ ಅವನು ಅದುವರೆಗೆ ಜೋಡಿಸಿದ್ದು ಲಗ್ನಪತ್ರಿಕೆ ಮಾತ್ರ, ಹಾಗಾಗಿ ಏನು ಓದಿದರೂ ಮದುವೆಗೆ ಕರೆಯುವ ಧಾಟಿಯೇ.

“ರನ್ನ್! ದುಂಡಪ್ಪ! ರನ್ನ್!” ಎಂದು ಅವನು ಆಮಂತ್ರಣ ಕೊಟ್ಟ.

ಬಾಂಕಿನ ಮೇಲೆ ಅಕ್ಕಾತಾಯಿ ನೆಟ್ಟಗಾದಳು. ಅವನು ಎರಡನೆಯ ನುಡಿಗೆ ಬಂದು ಮತ್ತೆ ದುಂಡಪ್ಪನನ್ನು ಓಡಿಸಿದ. ಆಕೆ ಎದ್ದೇ ನಿಂತಳು.

“ಯಾವ ದುಂಡಪ್ಪ?”

ಗುರುಪಾದಪ್ಪ ಕನ್ನಡಕದ ಮೇಲಿನಿಂದ ನೋಡಿದ. ಸೋನಾಬಾಯಿ, “ಅತ್ತೀ, ನಿಮಗ ಬ್ಯಾಸರಾಗಬಾರದಂತ ನಾನ ಬದಲಿ ಮಾಡೀನ್ರಿ,” ಎಂದಳು.

“ನಮ್ಮೂರಾಗ ಇರಾಂವ ಒಬ್ಬನ ದುಂಡಪ್ಪ, ಹೋಟೆಲ್ ದುಂಡಪ್ಪ! ಕುಂತಲ್ಲಿಂದ ಏಳಾಕ ಆತಗ ಇಬ್ಬರು ಕೈ ಕೊಡಬೇಕು! ಆಂವ ಓಡ್ಯಾನಂತ? ಚಿಮಣಿ ಮ್ಯಾಲ ಹೊತ್ತು ಬಂದಾಗ ಓಡಿದವರು ಯಾರು, ಹೆಸರು ಹಾಕೂದು ಯಾರದು? ಹಾಡ ಬರಿಯವರಿಗೆ ಒಂಚೂರರ ನ್ಯಾಯ ಬ್ಯಾಡೇನು?”

“ಹಂಗಾರ ಯಾರ ಹೆಸರು ಜೋಡಸ್ಲಿ, ಅವ್ವಾರ?” ಎಂದ ಗುರುಪಾದಪ್ಪ ಪಾಪ.

“ಅವರದು.”

“ಅವರಂದ್ರ ಯಾರ್ರಿ?”

“ನಮ್ಮ ಮನಿಯವರದು.”

“‘ನಮ್ಮ ಮನಿಯವರು’ ಅಂತ ಜೋಡಿಸಿದ್ರ ಸಾಲು ಭಾಳ ಉದ್ದ ಆಗತೈತ್ರಿ,” ಎಂದ ಅವನು, ನಿಜವಾಗಿಯೂ ಚಿಂತೆಯಿಂದ.

ಸೋನಾಬಾಯಿ ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಈ ಸಲ ತಾನು ಹೇಳಬಾರದು ಎಂದು ಆಕೆಗೆ ಹೇಗೋ ತಿಳಿಯಿತು, ತುಟಿ ಕಚ್ಚಿ ನಿಂತಳು. ಅಕ್ಕಾತಾಯಿ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

“ನಾ ಆವತ್ತ ನಡುವ ಎದ್ದ ಹೋದೆ,” ಎಂದಳು ಮೆಲ್ಲಗೆ. “ಕೊನೀಗೆ ಏನ ಬರದಿ?”

ಸೋನಾಬಾಯಿ ಕೊನೆಯ ನುಡಿಯನ್ನು ಕನ್ನಡದಲ್ಲಿ ಹೇಳಿದಳು. “ಪ್ಯಾಟಿ ಎಲ್ಲಾ ಕೂಗತೈತಿ, ಬಾಗಿಲದಾಗ ನಿಂತಾಕಿ ಒಬ್ಬಾಕಿ ಕೂಗೂದಿಲ್ಲ. ಆದ್ರ ಅವರು ಓಡಿ ಬರೂದು ಆಕೀ ಸಲವಾಗಿನ. ಹಂಗ ಬರದೀನ್ರಿ, ಅತ್ತಿ.”

ಗುರುಪಾದಪ್ಪ ಮಸಿ ಕೈಯನ್ನು ಅಂಗಿಗೇ ಒರೆಸಿಕೊಂಡ, ಅಂಗಿ ಹಾಳಾದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅಕ್ಕಾತಾಯಿಯ ಕಣ್ಣಲ್ಲಿ ನೀರು ತುಂಬಿತು, ತುಟಿಯಲ್ಲಿ ಮಾತ್ರ ಅದೆಂಥದೋ ಹುಡುಗಾಟದ ನಗು.

“ನೇಮಣ್ಣ,” ಎಂದಳು.

ಒಡಪಿಲ್ಲ, ಪ್ರಾಸವಿಲ್ಲ, ಸೆರಗಿನ ಮರೆ ಇಲ್ಲ. ಹೇಳಿದ ಮೇಲೆ ತಾನೇ ಬೆಚ್ಚಿ ಸೊಸೆಯ ಕೈ ಹಿಡಿದಳು. ಆಕಾಶ ಬೀಳಲಿಲ್ಲ. ಆಕೆ ಇನ್ನೊಮ್ಮೆ ಹೇಳಿ ನೋಡಿದಳು, ಹೊಸ ರುಚಿ ನೋಡುವವರ ಹಾಗೆ ನಿಧಾನವಾಗಿ. “ನೇಮಣ್ಣ. ಜೋಡಸ್ರಿ, ಎಲ್ಲಾ ಕಡೆ ಅದನ್ನ ಜೋಡಸ್ರಿ. ಮತ್ತ ಮೊದಲಿಂದ ಓದ್ರಿ, ನಾ ಕೇಳತೀನಿ.”

ಗುರುಪಾದಪ್ಪ ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದ. ‘ರನ್ನ್’ ಎಂದು ಹೇಳಿ, ಹೆಸರಿನ ಜಾಗ ಬಂದಾಗ ಜಾಣತನದಿಂದ ತಡೆದ. ಅಕ್ಕಾತಾಯಿ ಆ ಜಾಗ ತುಂಬಿದಳು. ಎರಡನೆಯ ನುಡಿಗೆ ದನಿ ಏರಿತು. ಸೋನಾಬಾಯಿಗೆ ಕರಡಿನ ಅಕ್ಷರಗಳೆಲ್ಲ ಕಲೆಸಿಹೋಗಿದ್ದವು, ಆ ದಿನ ತಿದ್ದಿದ್ದರಲ್ಲಿ ಏಳೆಂಟು ತಪ್ಪು ಹಾಗೇ ಉಳಿದು ಪುಸ್ತಕದಲ್ಲಿ ಇವತ್ತಿಗೂ ಇವೆ. ಕೊನೆಯ ನುಡಿಗೆ ಬರುವಷ್ಟರಲ್ಲಿ ಅಕ್ಕಾತಾಯಿ ಮುದ್ರಣಾಲಯದ ಹೊಸ್ತಿಲಿಗೆ ಬಂದು ನಿಂತಿದ್ದಳು, ಮತ್ತು “ನೇಮಣ್ಣಾ!” ಎಂದು ಎಷ್ಟು ಗಟ್ಟಿಯಾಗಿ ಕೂಗಿದಳೆಂದರೆ, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು, ಯಾರು ಓಡಿ ಬರುತ್ತಿದ್ದಾರೆಂದು ತಿರುಗಿ ನೋಡಿದರು.